ಆಯುಧಪೂಜೆಯ ದಿನ ಮಾತ್ರ ಮುಟ್ಟುವ ಕೈಗಳು

ಮೊನ್ನೆ ಯುಗಾದಿಗೆ ವಿಶಾಖಪಟ್ಟಣದಲ್ಲಿರುವ ನಾವೊಂದಿಷ್ಟು ಕನ್ನಡಿಗರು ಸೇರಿ ಹೋಳಿಗೆ ಊಟ ಮಾಡಿದೆವು. ಕೈ ತೊಳೆಯುವಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳೆಯರೊಬ್ಬರು ನನ್ನ ಉಗುರುಗಳನ್ನು ನೋಡಿದರು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಚೈನ್ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ. "ಏನ್ ಸಾರ್, ಎಂಟೆಕ್ ಮಾಡಿ ಕೊನೆಗೆ ಮೆಕ್ಯಾನಿಕ್ ಆಗ್ಬಿಟ್ರಾ?" ಅಂದರು. ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಯಾಕೋ ಗಂಟಲಲ್ಲೇ ಸಿಕ್ಕಿಕೊಂಡಿತು.

ಗೆಳೆಯರು ಒಳ್ಳೆಯವರು, ನನಗಿಂತ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರ ಕಾರಿನ ಟೈರಿಗೆ ಎಷ್ಟು ಗಾಳಿ ಇರಬೇಕು ಎನ್ನುವುದು ಅವರಿಗೆ ಗೊತ್ತಿಲ್ಲ. ಆ ಅಂಕಿಯನ್ನು ಡ್ರೈವರ್ ಬಾಗಿಲು ತೆರೆದರೆ ಕಾಣುವಲ್ಲೇ ಅಂಟಿಸಿರುತ್ತಾರೆ. ದಿನಕ್ಕೆರಡು ಸಲ ಅದರ ಮುಂದೆಯೇ ಹತ್ತಿ ಇಳಿಯುತ್ತಾರೆ. ಇದು ಅವರೊಬ್ಬರ ಕಥೆಯಲ್ಲ. ಇಂಜಿನಿಯರಿಂಗ್ ಓದಿ ಊರು ಬಿಟ್ಟು ಬಂದ ನಮ್ಮ ಪೈಕಿ ಬಹುಪಾಲು ಜನ ಹೀಗೆಯೇ. ಆಯುಧಪೂಜೆಯ ದಿನ ಗಾಡಿ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತೇವೆ. ಮಾರನೆಯ ದಿನದಿಂದ ಅದೇ ಗಾಡಿಯ ಒಂದು ಬೋಲ್ಟು ಮುಟ್ಟುವುದೂ ನಮ್ಮ ಅಂತಸ್ತಿಗೆ ಕಡಿಮೆ. ಕಾಯಕದ ಬಗ್ಗೆ ಬಸವ ಜಯಂತಿಯ ದಿನ ಸ್ಟೇಟಸ್ ಹಾಕುವವರೂ ನಾವೇ, ಕೈಗೆ ಗ್ರೀಸ್ ಹತ್ತಿದವನನ್ನು ನೋಡಿ ನಗುವವರೂ ನಾವೇ. ಗೆಳೆಯರ ತಮಾಷೆಯಲ್ಲಿದ್ದ 'ಕೊನೆಗೆ' ಎನ್ನುವ ಪದವನ್ನು ಗಮನಿಸಿ. ಮೆಕ್ಯಾನಿಕ್ ಎಂದರೆ ಜಾರಿ ಬಿದ್ದವನು. ಓದಿನ ಏಣಿ ಹತ್ತಿದ್ದೇ ಕೈ ಕೊಳೆಯಾಗದಿರಲಿ ಅಂತ ಎಂಬ ನಂಬಿಕೆ ಅದರಲ್ಲಿದೆ, ಮತ್ತು ನಮ್ಮ ಸಮಾಜದಲ್ಲಿ ಯಾರ ಕೈ ಕೊಳೆಯಾಗಬೇಕು, ಯಾರದ್ದು ಆಗಬಾರದು ಎನ್ನುವ ಹಳೆಯ ಲೆಕ್ಕವೂ ಇದೆ. ನನ್ನ ಜಗಳ ಆ ಲೆಕ್ಕದ ಜೊತೆ. ಜಗಳಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಒಂದು ಹಳೆಯ ಬೈಕು.

2011ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ತೆಗೆದುಕೊಂಡ ಹೋಂಡಾ ಸಿಬಿಆರ್ 250ಆರ್ ಅದು. 249 ಸಿಸಿ, ಒಂದೇ ಸಿಲಿಂಡರ್, ನೀರಿನಿಂದ ತಣ್ಣಗಾಗುವ ಇಂಜಿನ್, ಮೈಮೇಲೆ ಪೂರ್ತಿ ಫೇರಿಂಗ್. ನೋಡಲು ರೇಸ್ ಗಾಡಿಯಂತಿದ್ದರೂ ಕೂತರೆ ಬೆನ್ನು ಅಷ್ಟೇನೂ ಬಗ್ಗುವುದಿಲ್ಲ. ವೇಗವಾಗಿಯೂ ಹೋಗಬೇಕು, ದೂರವೂ ಹೋಗಬೇಕು ಎನ್ನುವವರಿಗೆ ಮಾಡಿದ ಸ್ಪೋರ್ಟ್ ಟೂರರ್. 2020ರಲ್ಲಿ ಬಿಎಸ್-6 ನಿಯಮ ಬಂದಾಗ ನಮ್ಮ ದೇಶದಲ್ಲಿ ಇದರ ಮಾರಾಟ ನಿಂತಿತು. ಅಷ್ಟರಲ್ಲಿ ನಾನು ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದಿದ್ದೆ. ಹೆಂಡತಿಗೆ ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದರು, ಮಗಳು ಅಮ್ಮನ ಜೊತೆ ಹೋದಳು. ಹೀಗಾಗಿ ತಿಂಗಳಿಗೆರಡು ಸಲ ಶುಕ್ರವಾರ ಸಂಜೆ ಮಧುರವಾಡದಿಂದ ಹೊರಟು, ಅನಕಾಪಲ್ಲಿ, ತುನಿ, ರಾಜಮಂಡ್ರಿ, ಏಲೂರು ದಾಟಿ, ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್ ಓಡಿಸಿ ಮನೆ ಸೇರುತ್ತೇನೆ. ಓಡೋಮೀಟರ್ ಈಗ 96,000 ದಾಟಿದೆ.

"ಮಾರಿ ಹೊಸದು ತಗೊಳ್ಳಿ" ಅಂತ ಭಾವಮೈದನಿಂದ ಹಿಡಿದು ಟೀಮಿನ ಹುಡುಗರ ತನಕ ಎಲ್ಲರೂ ಹೇಳಿದ್ದಾರೆ. ಇಎಂಐ ಕಟ್ಟುವ ಶಕ್ತಿ ಇಲ್ಲವೆಂದಲ್ಲ. ಗಾಡಿ ಕೆಟ್ಟಿಲ್ಲವಲ್ಲ ಎನ್ನುವುದೇ ನನ್ನ ಉತ್ತರ. ಕೆಟ್ಟಿಲ್ಲ ಏಕೆಂದರೆ ಪ್ರತಿ ಬಾರಿ ಅದನ್ನು ಬಿಚ್ಚಿ ನೋಡುವವನು ನಾನು.

ನನ್ನ ಅಪ್ಪ ದಾವಣಗೆರೆಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಬಳಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಒಂದೇ ಲಿವರ್ ಕಿಕ್ಕರೂ ಆಗುತ್ತಿತ್ತು, ಗೇರೂ ಆಗುತ್ತಿತ್ತು. ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಎಣ್ಣೆ ಸುಟ್ಟು ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತಿತ್ತು. ಗಾಡಿ ಉಬ್ಬಸ ಬಿಡಲು ಶುರುಮಾಡಿದರೆ ಅಪ್ಪ ಭಾನುವಾರ ಎರಡೂ ಸೈಲೆನ್ಸರ್ ಬಿಚ್ಚಿ ಹಿತ್ತಲಲ್ಲಿ ಬೆರಣಿ ಬೆಂಕಿಗೆ ಒಡ್ಡುತ್ತಿದ್ದರು. ಮಸಿ ಸುಟ್ಟು ಒಣಗಿದ ಮೇಲೆ ಕಟ್ಟಿಗೆಯಿಂದ ತಟ್ಟಿ ಉದುರಿಸುತ್ತಿದ್ದರು. ಪಾನಾ ಹಿಡಿದು ಕೊಡುವುದು ನನ್ನ ಕೆಲಸ. ಸೋಮವಾರ ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಯಾರೂ ನಕ್ಕಿದ್ದು ನೆನಪಿಲ್ಲ. 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮೂವತ್ತು ವರ್ಷವಾಯಿತು. ಈಗಲೂ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಆ ಗಾಡಿಗಳು ಓಡುತ್ತಿವೆ, ವರ್ಷಕ್ಕೊಮ್ಮೆ ಅವುಗಳ ಮಾಲೀಕರು ಜಾತ್ರೆಯ ಹಾಗೆ ಸೇರುತ್ತಾರೆ. ಕಂಪನಿಯೇ ಇಲ್ಲದೆ ಗಾಡಿ ಇಷ್ಟು ಕಾಲ ಬದುಕಿದ್ದು ಹೇಗೆ? ಅದರ ಒಳಗೇನಿದೆ ಎಂದು ಗೊತ್ತಿದ್ದವರು ಕಾರ್ಖಾನೆಯ ಗೋಡೆಯ ಹೊರಗೂ ಸಾಕಷ್ಟಿದ್ದರು.

ಹೊಸ ಕಾಲದ ಗಾಡಿಗಳನ್ನು ಮನೆಯಲ್ಲಿ ಮುಟ್ಟಲಾಗದು, ಎಲ್ಲ ಎಲೆಕ್ಟ್ರಾನಿಕ್ಸ್ ಎಂದು ಹೇಳುವವರಿದ್ದಾರೆ. ಅವರಿಗಾಗಿ ವಿಜಯವಾಡದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2024ರ ಆಗಸ್ಟ್ ಕೊನೆಯ ಶುಕ್ರವಾರ ಎಂದಿನಂತೆ ಹೋಗಿದ್ದೆ. ಶನಿವಾರ ಇಡೀ ದಿನ ಮಳೆ. ಸೆಪ್ಟೆಂಬರ್ 1ರ ಭಾನುವಾರ ಬುಡಮೇರು ಉಕ್ಕಿ ಒಡ್ಡು ಒಡೆದು ನೀರು ಊರಿಗೆ ನುಗ್ಗಿತು. ನಮ್ಮ ಬಾಡಿಗೆ ಮನೆ ಅಜಿತ್ ಸಿಂಗ್ ನಗರದಲ್ಲಿ, ಎರಡನೇ ಮಹಡಿ. ಬೆಳಗ್ಗೆ ಸೆಲ್ಲಾರಿಗೆ ಇಳಿದಾಗ ಮೊಣಕಾಲು ಮಟ್ಟ ನೀರಿತ್ತು, ಅರ್ಧ ಗಂಟೆಯಲ್ಲಿ ಎದೆಮಟ್ಟ. ಬೈಕಿನ ಆಸೆ ಬಿಟ್ಟು ಕೆಳಮನೆಯ ಅಜ್ಜಿಯನ್ನು ಮೇಲೆ ಹತ್ತಿಸಿದೆವು. ಆಮೇಲಿನ ದಿನಗಳನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ದೋಣಿ, ಹೆಲಿಕಾಪ್ಟರ್, ಡ್ರೋನಿನಲ್ಲಿ ಬಂದ ಊಟದ ಪೊಟ್ಟಣ. ನೀರು ಪೂರ್ತಿ ಇಳಿಯಲು ವಾರದ ಮೇಲಾಯಿತು. ಇಳಿದಾಗ ಸೆಲ್ಲಾರಿನಲ್ಲಿ ಗೇಣುದ್ದ ಕೆಸರು, ಅದರಲ್ಲಿ ಒಂದರ ಮೇಲೊಂದು ಬಿದ್ದ ಇಪ್ಪತ್ತೆರಡು ದ್ವಿಚಕ್ರ ವಾಹನ. ನನ್ನದು ಗೋಡೆಗೆ ಒರಗಿ ನಿಂತೇ ಇತ್ತು. ಕನ್ನಡಿಯ ಮೇಲೆ ಒಂದು ಸತ್ತ ಏಡಿ.

ಆ ಹೊತ್ತಿನಲ್ಲಿ ಗೊತ್ತಿರಬೇಕಾದದ್ದು ಒಂದೇ ಮಾತು: ಸ್ಟಾರ್ಟ್ ಮಾಡಬೇಡ. ಇಂಜಿನ್ ಗಾಳಿಯನ್ನು ಒತ್ತಿ ಕುಗ್ಗಿಸಬಲ್ಲದು, ನೀರನ್ನು ಕುಗ್ಗಿಸಲಾರದು. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅಷ್ಟು ತುಂಬಿಲ್ಲದಿದ್ದರೂ ಇಂಜಿನ್ ಎಣ್ಣೆಯಲ್ಲಿ ಕೆಸರು ನೀರು ಬೆರೆತಿರುತ್ತದೆ, ಅದರ ಮೇಲೆ ಎರಡು ನಿಮಿಷ ಓಡಿಸಿದರೂ ಬೇರಿಂಗ್ ಹೋಗುತ್ತದೆ. "ಸ್ಟಾರ್ಟ್ ಚೇಯೊದ್ದು, ಸ್ಟಾರ್ಟ್ ಚೇಯೊದ್ದು" ಎಂದು ನನ್ನ ಹರಕುಮುರುಕು ತೆಲುಗಿನಲ್ಲಿ ಸೆಲ್ಲಾರಿನಲ್ಲೆಲ್ಲ ಕೂಗಿಕೊಂಡು ಓಡಾಡಿದೆ. ಎದುರು ಫ್ಲಾಟಿನ ಬಿಟೆಕ್ ಹುಡುಗ, ಮೆಕ್ಯಾನಿಕಲ್ ಮೂರನೇ ವರ್ಷ, ಅಷ್ಟರಲ್ಲಿ ಪ್ಲಗ್ ಒರೆಸಿ ಕಿಕ್ ಹೊಡೆದೇಬಿಟ್ಟಿದ್ದ. ಸ್ಟಾರ್ಟ್ ಆಯಿತು, ಅವನ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಲ್ಲು ಅರೆದ ಸದ್ದು ಬಂದು ನಿಂತುಹೋಯಿತು. ಹುಡುಗನ ತಪ್ಪು ಅನ್ನಲಾರೆ. ಥರ್ಮೋಡೈನಾಮಿಕ್ಸ್‌ನಲ್ಲಿ ಅವನಿಗೆ ಒಳ್ಳೆಯ ಅಂಕ ಬಂದಿತ್ತು. ಯಾರೂ ಅವನ ಕೈಗೆ ಇಂಜಿನ್ ಕೊಟ್ಟಿರಲಿಲ್ಲ, ಅಷ್ಟೇ.

ನನ್ನ ಗಾಡಿಯನ್ನು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಇನ್ಶುರೆನ್ಸ್ ಇತ್ತು. ಎಸ್ಟಿಮೇಟ್ ಬಂತು: 43,600 ರೂಪಾಯಿ. ವೈರಿಂಗ್ ಪೂರ್ತಿ ಬದಲು, ಇಸಿಯು ಬದಲು, ಮೀಟರ್ ಬದಲು, ಥ್ರಾಟಲ್ ಬಾಡಿ ಬದಲು, ಸ್ಟೇಟರ್ ಬದಲು. ಯಾವುದನ್ನೂ ಬಿಚ್ಚಿ ನೋಡಿರಲಿಲ್ಲ. ನೀರು ತಾಗಿದ್ದೆಲ್ಲ ಬದಲು. ಇಲ್ಲಿ ನನ್ನೊಳಗಿನ ಪ್ರಾಜೆಕ್ಟ್ ಮ್ಯಾನೇಜರ್ ಎದ್ದು ಕೂತ. ಇನ್ಶುರೆನ್ಸ್ ಲೆಕ್ಕದಲ್ಲಿ ನನ್ನ ಬೈಕಿನ ಘೋಷಿತ ಬೆಲೆ 36,000. ರಿಪೇರಿ ಖರ್ಚು ಆ ಬೆಲೆಯ ಶೇಕಡ 75 ದಾಟಿದರೆ, ಅಂದರೆ 27,000 ಆದರೆ, ಗಾಡಿ 'ಟೋಟಲ್ ಲಾಸ್'. ದುಡ್ಡು ಕೊಟ್ಟು ಗಾಡಿಯನ್ನು ಗುಜರಿಗೆ ಕಳಿಸುತ್ತಾರೆ. ಈ ಲೆಕ್ಕ ಕೆಲಸ ಮಾಡುವ ರೀತಿ ನೋಡಿ. ಗಾಡಿ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಏರುತ್ತದೆ. ಯಾವುದೋ ಒಂದು ವರ್ಷ ಈ ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ಅಲ್ಲಿಂದ ಮುಂದೆ, ಬಿಚ್ಚಿ ನೋಡದೆ ಬರೆಯುವ ಯಾವ ಎಸ್ಟಿಮೇಟೂ ಮರಣ ಪ್ರಮಾಣಪತ್ರವೇ. ಗಾಡಿ ನಿಜವಾಗಿ ಸತ್ತಿದೆಯೇ ಎಂದು ಕೇಳುವವರು ಆ ಮೇಜಿನ ಎರಡೂ ಕಡೆ ಇಲ್ಲ. ಆಗ ಸರ್ಕಾರ ಮುಳುಗಿದ ದ್ವಿಚಕ್ರ ವಾಹನಕ್ಕೆ 3,000 ರೂಪಾಯಿ ಪರಿಹಾರ ಘೋಷಿಸಿತ್ತು. ಮೂರು ಸಾವಿರಕ್ಕೆ ಎಸ್ಟಿಮೇಟಿನ ಒಂದು ಸಾಲೂ ತೀರುವುದಿಲ್ಲ. ಆದರೆ ಮನೆಯಲ್ಲಿ ಎಣ್ಣೆ, ಫಿಲ್ಟರ್, ಪ್ಲಗ್ ಬದಲಿಸಲು ಅದು ಬೇಕಾದಷ್ಟಾಯಿತು.

ಕ್ಲೇಮ್ ಬೇಡ ಎಂದು ಬರೆದುಕೊಟ್ಟು ಗಾಡಿ ವಾಪಸು ತಂದೆ. ಹೆಂಡತಿ ಮಾತಾಡಲಿಲ್ಲ. ಮನೆಯ ಫ್ರಿಡ್ಜಿಗಿಂತ ಮೊದಲು ಬೈಕಿನ ಚಿಂತೆ ಮಾಡಿದ್ದಕ್ಕೆ ಸಿಟ್ಟಿತ್ತು, ಅದು ನ್ಯಾಯವಾದ ಸಿಟ್ಟು.

ನಾಲ್ಕು ವಾರಾಂತ್ಯ ಹಿಡಿಯಿತು. ಮೊದಲು ಎಣ್ಣೆ ಇಳಿಸಿದೆ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಪ್ಲಗ್ ತೆಗೆದು, ಇಂಜಿನ್ನಿನ ಎಡಬದಿಯ ಮುಚ್ಚಳ ಬಿಚ್ಚಿ, ಸಾಕೆಟ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿದೆ. ಪ್ಲಗ್ಗಿನ ತೂತಿನಿಂದ ಕೆಂಪು ನೀರು ಚಿಮ್ಮಿತು. ತಿರುಗಿತು! ಎಲ್ಲೂ ತಡೆಯಲಿಲ್ಲ. ಆ ಕ್ಷಣಕ್ಕೆ 43,600ರ ಕಾಗದ ಅರ್ಧ ಸುಳ್ಳಾಯಿತು. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿದೆ. ಅಗ್ಗದ ಎಣ್ಣೆ ಹಾಕಿ ಕೈಯಿಂದಲೇ ತಿರುಗಿಸಿ ಇಳಿಸಿದೆ. ಮತ್ತೆ ಹಾಕಿ ಮತ್ತೆ ಇಳಿಸಿದೆ. ಮೂರನೇ ಸಲ ಬಣ್ಣ ಸರಿಹೋಯಿತು. ವೈರಿಂಗಿನ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಮತ್ತೆ ಜೋಡಿಸಿದೆ. ಮಗಳು ಪ್ರತಿಯೊಂದಕ್ಕೂ ನಂಬರ್ ಬರೆದ ಚೀಟಿ ಅಂಟಿಸಿ ಫೋಟೋ ತೆಗೆದಳು. ನಲವತ್ತೊಂದು ಚೀಟಿ. ಇಸಿಯು ಎಂಬ ಆ ಭಯಂಕರ ಡಬ್ಬಿಯನ್ನು ಒಳಗೆ ನೀರು ಹೋಗದಂತೆ ರಾಳ ತುಂಬಿ ಮುಚ್ಚಿರುತ್ತಾರೆ. ಅದಕ್ಕೆ ಏನೂ ಆಗಿರಲಿಲ್ಲ.

ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಿದಾಗ ಇಂಜಿನ್ ಲೈಟ್ ಆರಲಿಲ್ಲ. ಇಲ್ಲಿ ಲ್ಯಾಪ್‌ಟಾಪ್ ಬೇಕು, ಕಂಪನಿಯ ಸ್ಕ್ಯಾನರ್ ಬೇಕು ಎಂದುಕೊಳ್ಳುತ್ತೀರಿ. ಬೇಕಿಲ್ಲ. ಈ ಗಾಡಿಯ ಸೀಟಿನ ಕೆಳಗೆ ಒಂದು ಸಣ್ಣ ಕನೆಕ್ಟರ್ ಇದೆ. ಅದರ ಎರಡು ಪಿನ್ನುಗಳನ್ನು ತಂತಿಯ ತುಂಡಿನಿಂದ ಜೋಡಿಸಿ ಕೀ ಆನ್ ಮಾಡಿದರೆ ಇಂಜಿನ್ ಲೈಟ್ ಮಿಣುಕುತ್ತಾ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಉದ್ದ ಮಿಣುಕು ಹತ್ತು, ಚಿಕ್ಕದು ಒಂದು. ನಮ್ಮದು ಏಳು ಸಲ ಚಿಕ್ಕದಾಗಿ ಮಿಣುಕಿತು. ಏಳು ಎಂದರೆ ಕೂಲಂಟ್ ಉಷ್ಣತೆಯ ಸೆನ್ಸರ್. ಅದರ ಕನೆಕ್ಟರ್ ಬಿಚ್ಚಿದರೆ ಒಳಗೆ ಒಂದು ಹನಿ ಕೆಸರು. ಒರೆಸಿ ಹಾಕಿದೆ. ಲೈಟ್ ಆರಿತು. ಸೆಲ್ಫ್ ಒತ್ತಿದೆ, ಎರಡನೇ ಸಲಕ್ಕೆ ಹತ್ತಿಕೊಂಡಿತು. ಮೂರನೇ ಮಹಡಿಯವರೂ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದರು.

ಹಾಗೆಂದು ಎಲ್ಲವನ್ನೂ ನಾನೇ ಮಾಡಿದೆ ಎಂದು ಕೊಚ್ಚಿಕೊಂಡರೆ ಅದು ಸುಳ್ಳು. ಚಕ್ರದ ಬೇರಿಂಗ್, ಹ್ಯಾಂಡಲ್ ಕೆಳಗಿನ ಕೋನ್ ಸೆಟ್ ಎರಡೂ ತುಕ್ಕು ಹಿಡಿದಿದ್ದವು. ಅವನ್ನು ಒತ್ತಿ ಕೂರಿಸುವ ಪ್ರೆಸ್ ನನ್ನ ಹತ್ತಿರ ಇಲ್ಲ. ಅದಕ್ಕಿಂತ ನಾಚಿಕೆಯ ವಿಷಯ, ಮೂರು ಸಲ ಎಣ್ಣೆ ಇಳಿಸುವ ಅವಸರದಲ್ಲಿ ಟಾರ್ಕ್ ರೆಂಚ್ ಬಿಟ್ಟು ಕೈಯಂದಾಜಿನಲ್ಲಿ ಬಿಗಿದು ಡ್ರೈನ್ ಬೋಲ್ಟಿನ ಮರೆ ಸವೆಸಿಬಿಟ್ಟಿದ್ದೆ. ಅಲ್ಯೂಮಿನಿಯಂ ಮೃದು, ನನ್ನ ಅಹಂಕಾರ ಗಟ್ಟಿ. ಮೂರನ್ನೂ ಹಿಡಿದುಕೊಂಡು ಜವಾಹರ್ ಆಟೋನಗರಕ್ಕೆ ಹೋದೆ.

ವಿಜಯವಾಡದಲ್ಲಿದ್ದು ಆಟೋನಗರ ನೋಡದಿದ್ದವರು ಒಮ್ಮೆ ಹೋಗಿಬನ್ನಿ. ಲಾರಿಗಳಿಗೆ ಬಾಡಿ ಕಟ್ಟುವವರು, ಲೇತ್ ಹಾಕಿಕೊಂಡವರು, ಸ್ಪ್ರಿಂಗ್ ಪಟ್ಟಿ ಬಡಿಯುವವರು, ರೇಡಿಯೇಟರ್ ಬೆಸುಗೆಯವರು, ಸೀಟ್ ಕುಶನ್ನಿನವರು, ಬೀದಿಗೊಂದು ಕಸುಬು. ನನ್ನ ಕೆಲಸ ಮಾಡಿಕೊಟ್ಟ ಮೇಸ್ತ್ರಿ ಎಂಟನೇ ಕ್ಲಾಸು ಓದಿದವರು. ಸವೆದ ಮರೆಯನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಅಳತೆ ಹೇಳಿದರು. ದೊಡ್ಡದಾಗಿ ಕೊರೆದು, ಒಳಗೆ ಹೊಸ ಮರೆಯ ಸುರುಳಿ ಕೂರಿಸಿ, ಹಳೆಯ ಬೋಲ್ಟೇ ಹಿಡಿಯುವಂತೆ ಮಾಡಿದರು. ಕೆಲಸ ನಡೆಯುವಾಗ ನಾನು ಫೋನಿನಲ್ಲಿ ಸರ್ವಿಸ್ ಮ್ಯಾನ್ಯುಯಲ್‌ನ ವೈರಿಂಗ್ ಚಿತ್ರ ತೆರೆದು ನೋಡುತ್ತಿದ್ದೆ. ಅವರು ಕೈ ಒರೆಸಿಕೊಂಡು ಬಂದು ಇಣುಕಿ, "ಇದಿ ಎಕ್ಕಡ ದೊರುಕುತುಂದಿ ಸಾರ್?" ಅಂದರು. ಎಲ್ಲಿ ಸಿಗುತ್ತೆ ಇದು? ಇಂಜೆಕ್ಷನ್ ಗಾಡಿಗಳು ಬಂದ ಮೇಲೆ ಅವರ ಗಿರಾಕಿಗಳು ಕಡಿಮೆಯಾಗಿದ್ದಾರೆ. ಕೈ ಕಡಿಮೆಯಾಗಿಲ್ಲ, ಓದಲು ಸಿಗುವುದು ಕಡಿಮೆ. ಆ ಮಿಣುಕು ಲೈಟಿನ ವಿಷಯ ತೋರಿಸಿದೆ. ತಮ್ಮ ಹುಡುಗನನ್ನು ಕರೆದು ಮತ್ತೊಮ್ಮೆ ಮಾಡಿಸಿದರು. ಈಗ ಅವರ ಅಂಗಡಿಯ ಗೋಡೆಯ ಮೇಲೆ ಆ ಕೋಡುಗಳ ಪಟ್ಟಿ ಇದೆ, ತೆಲುಗಿನಲ್ಲಿ, ಹುಡುಗನ ಅಕ್ಷರದಲ್ಲಿ.

ನಮ್ಮ ವರ್ಗದ ಅಪರಾಧ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಮ್ಯಾನ್ಯುಯಲ್ ಓದಬಲ್ಲವರು ನಾವು, ಕೈ ಇರುವವರು ಅವರು. ನಡುವೆ ಎಸಿ ಲೌಂಜ್, ಕಾಫಿ ಮಿಷಿನ್ನು, ಟೈ ಕಟ್ಟಿದ ಸರ್ವಿಸ್ ಅಡ್ವೈಸರ್ ಬಂದು ಕೂತಿದ್ದಾನೆ. ನಾವು ಗಾಜಿನ ಈಚೆ ಕೂತು ಕಾಫಿ ಕುಡಿಯುತ್ತಾ ನಮ್ಮ ಗಾಡಿಗೆ ಏನು ಮಾಡುತ್ತಿದ್ದಾರೆ ಎಂದು ನೋಡುವುದನ್ನೂ ಬಿಟ್ಟಿದ್ದೇವೆ. ಬಿಲ್ಲಿನ ಮೊತ್ತ ನೋಡುತ್ತೇವೆ, ಸಾಲುಗಳನ್ನು ನೋಡುವುದಿಲ್ಲ. ನನ್ನ ಆಫೀಸಿನಲ್ಲಿ ಯಾವನಾದರೂ ವೆಂಡರ್ ಇಂಥ ಎಸ್ಟಿಮೇಟ್ ತಂದರೆ ಮೂರು ಮೀಟಿಂಗ್ ಕರೆಯುವ ಜನ ನಾವು.

ಕಾನೂನು ಏನನ್ನುತ್ತದೆ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಹುಡುಕುವ ಉಪಕರಣ, ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ರಿಪೇರಿಗಾರರಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಅದರ ತೀರ್ಮಾನ. ಅದು ಕಾರುಗಳ ಪ್ರಕರಣ, ಮೇಲ್ಮನವಿಗಳಲ್ಲಿ ಸುತ್ತಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರುಗಳ ರಿಪೇರಿ ಮಾಹಿತಿ ಮಾಲೀಕನಿಗೂ ಹೊರಗಿನ ಗ್ಯಾರೇಜಿಗೂ ಸಿಗಬೇಕೆಂದು ಕಾಯಿದೆ ಮಾಡಿತ್ತು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ ಗುರುತಿಸಿ, ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ. ಆದರೆ ಪೋರ್ಟಲ್ ಕಾಯಿದೆಯಲ್ಲ, ಕಂಪನಿ ಮನಸ್ಸು ಮಾಡಿ ಹಾಕಿದಷ್ಟು ಮಾಹಿತಿ ಅಲ್ಲಿರುತ್ತದೆ. ಈ ಹಕ್ಕನ್ನು ಯಾರು ಕೇಳಬೇಕು? ಆಟೋನಗರದ ಮೇಸ್ತ್ರಿಗೆ ಪೋರ್ಟಲ್ಲಿನ ಇಂಗ್ಲಿಷ್ ಬಾರದು. ನಮಗೆ ಬರುತ್ತದೆ, ನಮಗೆ ಬೇಕಾಗಿಲ್ಲ.

ಇನ್ನು ಮಾಡಿಫಿಕೇಷನ್. ಇಲ್ಲಿ ನನ್ನ ಪಕ್ಷದವರ ಜೊತೆಯೇ ಸ್ವಲ್ಪ ಜಗಳವಿದೆ. ಹಳೆಯ ಬೈಕು ಇಟ್ಟುಕೊಂಡವನು ಎಂದರೆ ಸೈಲೆನ್ಸರ್ ಕಿತ್ತು ಬರೀ ಪೈಪು ಹಾಕಿಕೊಂಡು ಬೀಚ್ ರೋಡಿನಲ್ಲಿ ರಾತ್ರಿ ಹತ್ತಕ್ಕೆ ಮಕ್ಕಳನ್ನು ಎಬ್ಬಿಸುವವನು ಎಂದು ಜನ ತಿಳಿಯಲು ಕಾರಣ ಇವರೇ. ವಿಶಾಖಪಟ್ಟಣದ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದಾಗ ನಾನು ಪೊಲೀಸರ ಪರ. ಗಾಡಿಯ ಬಗ್ಗೆ ಏನೂ ಗೊತ್ತಿಲ್ಲದವನು ದುಡ್ಡು ಕೊಟ್ಟು ಕೊಂಡ ಗಲಾಟೆ ಅದು. ಲೌಂಜಿನಲ್ಲಿ ಕೂತವನಿಗೂ ಅವನಿಗೂ ಹೆಚ್ಚು ವ್ಯತ್ಯಾಸವಿಲ್ಲ.

ನಾನು ಮಾಡಿದ ಬದಲಾವಣೆಗಳು ಇವು. ಮುಂದಿನ ಸ್ಪ್ರಾಕೆಟ್ಟಿನ ಹಲ್ಲು 14ರಿಂದ 15 ಮಾಡಿದೆ. ಹೆದ್ದಾರಿಯಲ್ಲಿ ಮೊದಲು 6,000 ಆರ್‌ಪಿಎಂ ಬೇಡುತ್ತಿದ್ದ ವೇಗ ಈಗ 5,600ರಲ್ಲಿ ಸಿಗುತ್ತದೆ, 350 ಕಿಲೋಮೀಟರ್ ಮುಗಿದಾಗ ಅಂಗೈ ಜುಮ್ಮೆನ್ನುವುದು ಕಡಿಮೆಯಾಗಿದೆ. ಊರೊಳಗೆ ಮೊದಲ ಗೇರಿನಲ್ಲಿ ಸ್ವಲ್ಪ ಮಂದ, ಅದು ಕೊಡಬೇಕಾದ ಬೆಲೆ. ಹ್ಯಾಂಡಲನ್ನು ಒಂದಿಂಚು ಎತ್ತರಿಸಿದೆ. ನಲವತ್ತು ದಾಟಿದ ಬೆನ್ನಿಗೆ ಅದು ಬೇಕು, ಬ್ರೇಕ್ ಹೋಸು ಎಳೆಯದಂತೆ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಬಿಗಿದೆ. ಹೆಡ್‌ಲೈಟಿಗೆ ರಿಲೇ ಹಾಕಿ ಬ್ಯಾಟರಿಯಿಂದ ನೇರ ವೈರ್ ಎಳೆದೆ. ಬಲ್ಬು ಕಂಪನಿಯ ಅಳತೆಯದ್ದೇ, ಎದುರಿನವನ ಕಣ್ಣು ಕುಕ್ಕುವುದಿಲ್ಲ, ಹಳೆಯ ಸ್ವಿಚ್ಚಿನಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜ್ ಮಾತ್ರ ಉಳಿಯುತ್ತದೆ. ಸೀಟಿನ ಫೋಮ್ ಆಟೋನಗರದಲ್ಲಿ ಬದಲಿಸಿದೆ. ಇಷ್ಟೇ.

ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರಗಳು ತಯಾರಕನ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದು ಸೇರಿಸಿದರು. ನನ್ನ ಆರ್‌ಸಿಯಲ್ಲಿ ಹ್ಯಾಂಡಲಿನ ಎತ್ತರವೂ ಇಲ್ಲ, ಸ್ಪ್ರಾಕೆಟ್ಟಿನ ಹಲ್ಲೂ ಇಲ್ಲ. ಆದರೆ ಮಟಮಟ ಮಧ್ಯಾಹ್ನ ತುನಿ ಹತ್ತಿರ ನಿಲ್ಲಿಸಿದ ಕಾನ್‌ಸ್ಟೆಬಲ್ ಜೊತೆ ಇದನ್ನು ತೆಲುಗಿನಲ್ಲಿ ವಾದಿಸಿ ನೋಡಿ. ಕಾನೂನು ಕೇಳಬೇಕಾದದ್ದು ಬದಲಾವಣೆಯಿಂದ ಯಾರಿಗೆ ಅಪಾಯ, ಯಾರಿಗೆ ತೊಂದರೆ ಎಂದು. ಅದು ಕೇಳುವುದು ತಯಾರಕ ಮಾಡಿದ್ದಕ್ಕಿಂತ ಬೇರೆಯೇ ಎಂದು. ಕಿವಿ ಕಿವುಡಾಗಿಸುವ ಪೈಪೂ ಬೆನ್ನು ಉಳಿಸುವ ಒಂದಿಂಚೂ ಒಂದೇ ತಕ್ಕಡಿಯಲ್ಲಿ ಕೂರುತ್ತವೆ.

ತಯಾರಕನಿಗೆ ಎಲ್ಲವೂ ಗೊತ್ತು ಎನ್ನುವ ಭಕ್ತಿಯೂ ನನಗೆ ಅರ್ಥವಾಗುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಋಷಿಕೊಂಡದ ಗಾಳಿಯ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲಿ ಸಂಜೆ ಸಮುದ್ರದ ಬದಿ ಒಂದು ಸುತ್ತು ಹೊಡೆದು ಬಂದರೆ ರೇಡಿಯೇಟರಿನ ರೆಕ್ಕೆಗಳ ಮೇಲೆ ಉಪ್ಪು ಕೂರುತ್ತದೆ. ಒಂದು ಮಳೆಗಾಲದಲ್ಲಿ ಚೈನ್ ಕೆಂಪಾಗುತ್ತದೆ, ಅಲ್ಯೂಮಿನಿಯಮ್ಮಿನಲ್ಲಿ ಕೂತ ಸ್ಟೀಲ್ ಬೋಲ್ಟು ಎರಡು ವರ್ಷಕ್ಕೆ ಕಲ್ಲಾಗುತ್ತದೆ. ಬರೀ ನೀರಿನಲ್ಲಿ ತೊಳೆಯುವುದು, ಬೋಲ್ಟಿನ ಮರೆಗೆ ಒಂದು ಚೂರು ಗ್ರೀಸ್ ಸವರುವುದು, ಚೈನನ್ನು ಪುಸ್ತಕ ಹೇಳಿದ್ದಕ್ಕಿಂತ ಬೇಗ ಬೇಗ ಒರೆಸಿ ಎಣ್ಣೆ ಹಾಕುವುದು, ಇದನ್ನೆಲ್ಲ ಈ ಊರಿನಲ್ಲಿ ಗಾಡಿ ಇಟ್ಟುಕೊಂಡವನೇ ಮಾಡಬೇಕು. ಸರ್ವಿಸ್ ಸೆಂಟರಿನವರು ಆರು ತಿಂಗಳಿಗೊಮ್ಮೆ ನೋಡುತ್ತಾರೆ, ಉಪ್ಪು ದಿನಾ ನೋಡುತ್ತದೆ.

"ಬ್ರೇಕ್ ಕೆಲಸ ಮನೆಯಲ್ಲಿ ಮಾಡಿ ಸತ್ತರೆ?" ಎಂದು ಅದೇ ಗೆಳೆಯರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಬ್ರೇಕಿನ ದ್ರವ ಬದಲಿಸುವುದನ್ನು ನಾನು ಕಲಿತ ಮೇಲೆಯೇ ಮಾಡಿದ್ದು, ಮೊದಲ ಎರಡು ಸಲ ಆಟೋನಗರದ ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಗೊತ್ತಿಲ್ಲದ್ದನ್ನು ಮುಟ್ಟಬಾರದು, ಒಪ್ಪುತ್ತೇನೆ. ಆದರೆ ಪ್ಯಾಡ್ ಎಷ್ಟು ಸವೆದಿದೆ ಎಂದು ಬಗ್ಗಿ ನೋಡಲು ಯಾವ ತರಬೇತಿ ಬೇಕು? ನೋಡದೆ ಓಡಿಸುವವನು ನನಗಿಂತ ಸುರಕ್ಷಿತ ಹೇಗಾದ? ಇನ್ನು ಹಳೆಯ ಗಾಡಿ ಹೊಗೆ ಉಗುಳುತ್ತದೆ ಎನ್ನುವವರಿಗೆ: ಉಗುಳಿದರೆ ಹೊಗೆ ತಪಾಸಣೆಯಲ್ಲಿ ನಪಾಸಾಗಲಿ. ವಯಸ್ಸು ನೋಡಿ ನಪಾಸು ಮಾಡಬೇಡಿ.

ವಯಸ್ಸಿನ ಮಾತು ಬಂತು, ಹೇಳಿಬಿಡುತ್ತೇನೆ. ಬರುವ ಜೂನ್‌ಗೆ ನನ್ನ ಬೈಕಿಗೆ ಹದಿನೈದು ತುಂಬುತ್ತದೆ. ಆರ್‌ಸಿ ಅವಧಿ ಅಷ್ಟೇ, ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ 300 ಇದ್ದ ಶುಲ್ಕ ಈಗ 1,000, ಇಪ್ಪತ್ತು ವರ್ಷ ದಾಟಿದರೆ 2,000. ಬೆಂಗಳೂರಿನ ಕೆಎ ನಂಬರಿನೊಂದಿಗೆ ಬಂದ ಈ ಗಾಡಿಗೆ 2019ರಲ್ಲಿ ಎನ್‌ಒಸಿ ತರಿಸಿ ಆಂಧ್ರದ ನಂಬರ್ ಮಾಡಿಸಿದ್ದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿದ್ದರೆ ಹಾಗೆ ಮಾಡಬೇಕೆಂದು ನಿಯಮ. (ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಬಾಕಿ ವಾಪಸು ಕೇಳಿದ ಕಥೆಗೆ ಇನ್ನೊಂದು ಸಂಚಿಕೆ ಬೇಕು.) ಅದೇ ವರ್ಷ ಇಡೀ ರಾಜ್ಯಕ್ಕೆ ಒಂದೇ ಸರಣಿ ಎಪಿ 39 ಶುರುವಾಗಿತ್ತು. ಹಾಗಾಗಿ ನಂಬರ್ ನೋಡಿದರೆ ಗಾಡಿ ಯಾವ ಊರಿನದ್ದೆಂದು ಗೊತ್ತಾಗುವುದಿಲ್ಲ. ನಮ್ಮ ಹಾಗೆಯೇ.

ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸುವ ಮೊದಲು ವಾಲ್ವ್ ಕ್ಲಿಯರೆನ್ಸ್ ನೋಡಬೇಕು. ಈ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕೀಳದೆಯೇ ಶಿಮ್ ಬದಲಿಸಬಹುದು, ಮಾಡಿದವರು ಒಳ್ಳೆಯ ಮನಸ್ಸಿನವರು. ಮೀಟರಿನ ಗಾಜಿನೊಳಗೆ ಬುಡಮೇರಿನ ಮಂಜು ಇನ್ನೂ ಸ್ವಲ್ಪ ಇದೆ, ಪೆಟ್ರೋಲ್ ಗೇಜಿನ ಒಂದು ಗೆರೆ ಸತ್ತಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಒಟ್ಟು ಖರ್ಚು ಕೇಳಿದವರಿಗೆ: ಬ್ಯಾಟರಿ, ಬೇರಿಂಗ್, ಕೋನ್ ಸೆಟ್, ಎಣ್ಣೆ, ಟಾಟಾ ಏಸ್ ಬಾಡಿಗೆ, ಮೇಸ್ತ್ರಿಯ ಕೂಲಿ, ಸುಟ್ಟುಹೋದ ಹೇರ್ ಡ್ರೈಯರಿಗೆ ಬದಲಿ, ಎಲ್ಲ ಸೇರಿ 12,740 ರೂಪಾಯಿ.

ಯುಗಾದಿಯ ದಿನ ನಕ್ಕ ಗೆಳೆಯರಿಗೆ ನಿನ್ನೆ ಫೋನ್ ಮಾಡಿದ್ದೆ. ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ, ಇಂಜಿನ್ ತಣ್ಣಗಿರುವಾಗಲೇ, ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮುಚ್ಚಳ ಬಿಚ್ಚುತ್ತೇನೆ. ಟಾರ್ಚ್ ಹಿಡಿಯಲು ಒಬ್ಬರು ಬೇಕು. ಬರುತ್ತೇನೆ ಅಂದಿದ್ದಾರೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ ಅಂದೆ, ಹಳೆಯ ಬಟ್ಟೆ ಯಾವುದೂ ಇಲ್ಲವಂತೆ.